ಮುಖದ ಸರದಿ

ಕೋಲಾರದ ಈ ಆಸ್ಪತ್ರೆಯಲ್ಲಿ ನಮ್ಮನ್ನು ಈಗಲೂ
ಹಲ್ಲಿನ ಡಾಕ್ಟರು ಅಂತಲೇ ಅನ್ನುತ್ತಾರೆ.
ಕರೆಯುವುದೂ ಕೊನೆಗೇ.

ಆ ರಾತ್ರಿ ಮಾತ್ರ ಮೊದಲೇ ಕರೆ ಬಂತು.
ವಡಗೂರು ಗೇಟಿನ ಹತ್ತಿರ ಟೆಂಪೊ ಮಗುಚಿ
ಟೊಮೆಟೊ ಕ್ರೇಟುಗಳ ಅಡಿಯಿಂದ ಎಳೆದು ತಂದ ಮನುಷ್ಯ.
ಅಂಗಿಯ ತುಂಬ ಕೆಂಪು.
ಯಾವುದು ಹಣ್ಣು ಯಾವುದು ನೆತ್ತರು
ಸಿಸ್ಟರ್ ಫಿಲೋಮಿನಾ ಬೀಜ ನೋಡಿ ಹೇಳುತ್ತಿದ್ದಳು.

ತೊಡೆಯ ಮೂಳೆ. ಮೂರು ಪಕ್ಕೆಲುಬು.
ಗುಲ್ಮ ಒಡೆದು ಹೊಟ್ಟೆ ಬಿಗಿಯುತ್ತಿತ್ತು.
ಕತ್ತಿನ ಮೇಲೂ ಅನುಮಾನ, ಹಾಗಾಗಿ ಅಂಗಾತವೇ ಇರಬೇಕು.
ಕೆಳದವಡೆ ಎರಡು ಕಡೆ ಮುರಿದು
ಗಲ್ಲದ ತುಂಡು ಹಿಂದಕ್ಕೆ ಜಾರಿತ್ತು,
ಅದರ ಬೆನ್ನಿಗೇ ನಾಲಗೆ.

ಎಲುಬಿಲ್ಲದ ನಾಲಗೆ ಅಂತ ಎಷ್ಟು ಸಲೀಸಾಗಿ ಅನ್ನುತ್ತೇವೆ.
ಅದನ್ನು ಕಟ್ಟಿಹಾಕಿದ ಗೂಟ ಈ ಎಲುಬೇ.
ಗೂಟ ಕಿತ್ತರೆ ಅದು ಎಲ್ಲಿಗೂ ಓಡುವುದಿಲ್ಲ,
ಗಂಟಲಿಗೆ ಅಡ್ಡ ಮಲಗಿಬಿಡುತ್ತದೆ.

ಗಾಜ್ ಸುತ್ತಿ ಹಿಡಿದೆ, ಮುಂದಕ್ಕೆ ಎಳೆದೆ.
ಜಾರುವ, ಬೆಚ್ಚಗಿನ, ಯಾರದೋ ಮಾತು
ನನ್ನ ಎರಡು ಬೆರಳ ನಡುವೆ.
ಕುತ್ತಿಗೆಯಲ್ಲಿ ಕಿಂಡಿ ಕೊರೆದು ಅವರು ನಳಿಕೆ ಇಡುವವರೆಗೆ
ಏಳು ನಿಮಿಷವಂತೆ. ಗಡಿಯಾರ ನನ್ನ ಬೆನ್ನ ಹಿಂದಿತ್ತು.

ಅಷ್ಟೇ, ನಾನು ಪಕ್ಕಕ್ಕೆ ಸರಿಯಬೇಕು.
ನೋಡಲು ಭೀಕರ ಮುಖವೇ, ಆದರೂ
ಅದು ಸರದಿಯಲ್ಲಿ ನಿಲ್ಲಬೇಕು:
ಹೊಟ್ಟೆಯವರು ಮುಗಿಸಲಿ, ತೊಡೆಯವರು ಸರಳು ಹಾಕಲಿ,
ತಲೆಯವರು ಇನ್ನೊಂದು ಸ್ಕ್ಯಾನ್ ನೋಡಿ ಹೂಂ ಅನ್ನಲಿ.
ಎಂಟು ದಿನ.
ಹೆಂಡತಿ ಅಲುಮೇಲಮ್ಮ
ಪಾದ ನೋಡಿ ಗುರುತು ಹಿಡಿದಿದ್ದಳು.

"ಮಂಡಿಯಲ್ಲಿ ಹರಾಜು ಕೂಗೋರು, ಮೇಡಂ.
ಕೋದಂಡಪ್ಪ ಅಂದರೆ ಮುಳಬಾಗಿಲು ಕಡೆಯೋರಿಗೂ ಗೊತ್ತು.
ಬಾಯೇ ಬಂಡವಾಳ."

ನಗುವ ಫೋಟೊ ಇದ್ದರೆ ತನ್ನಿ ಎಂದೆ.
ಮದುವೆಯದು ತಂದಳು, ಮಗಳ ನಾಮಕರಣದ್ದು ತಂದಳು,
ಒಂದರಲ್ಲೂ ಹಲ್ಲಿಲ್ಲ.
"ಸೊಟ್ಟ ಹಲ್ಲು. ನಗುವಾಗ ಮೀಸೆ ಕೆಳಕ್ಕೆ ಎಳಕೊಳ್ಳೋರು.
ಹೆಂಗೂ ಬಿಚ್ಚಿದೀರಲ್ಲ, ನೇರ ಮಾಡಿಬಿಡಿ."

ಆಗುವುದಿಲ್ಲಮ್ಮ.
ಮೇಲಿನ ಹಲ್ಲಿಗೂ ಕೆಳಗಿನದಕ್ಕೂ
ನಲವತ್ತು ವರ್ಷದ ಸಂಸಾರ.
ಅವರೆಕಾಳು ಕಡಿದು, ಬೀಡಿ ಕಚ್ಚಿ
ಸವೆದ ಜಾಗ ಸವೆದ ಜಾಗಕ್ಕೇ ಕೂಡುತ್ತದೆ.
ಮೂಳೆ ಕೂದಲೆಳೆಯಷ್ಟು ಸುಳ್ಳು ಹೇಳಬಹುದು,
ಹಲ್ಲು ಹೇಳುವುದಿಲ್ಲ.

ಅವನ ಸೊಟ್ಟಕ್ಕೇ ಸರಿಯಾಗಿ ಕೂರಿಸಿದೆ.
ಎರಡು ತಗಡು, ಒಂದಿಷ್ಟು ತಿರುಪು,
ಮೇಲೆ ಕೆಳಗೆ ತಂತಿ ಬಿಗಿದು ನಾಲ್ಕು ವಾರ ಬೀಗ.

ಕುತ್ತಿಗೆಯ ನಳಿಕೆ ತೆಗೆದ ದಿನ
ತಲೆದೆಸೆಗೆ ಕಟಿಂಗ್ ಪ್ಲೇಯರ್ ಕಟ್ಟಿದೆವು.
ವಾಂತಿ ಬಂದರೆ ಮೊದಲು ಇದು, ಆಮೇಲೆ ನಮ್ಮನ್ನು ಕೂಗುವುದು.
ಅಲುಮೇಲಮ್ಮ ಅದನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು.
ಮಂಚ ಬಿಟ್ಟು ಹೋಗಬಾರದು ಅದು, ಎಂದು ಸಿಸ್ಟರ್ ಗದರಿದರೆ
"ನಾನೂ ಹೋಗಲ್ಲ" ಅಂದಳು.
ರಾಗಿ ಅಂಬಲಿ ಸೋಸಿ, ಸಿರಿಂಜಿಗೆ ಎಳೆದು
ಕೊನೆಯ ಹಲ್ಲಿನ ಹಿಂದಿನ ಸಂದಿಯಿಂದ
ಒಂದೊಂದೇ ಗುಟುಕು.
ಬೈಗುಳವೂ ಅದೇ ಸಂದಿಯಿಂದ ಹೊರಬರುತ್ತಿತ್ತು.

ತಂತಿ ತೆಗೆದಾಗ ಬಾಯಿ ತೆರೆದದ್ದು ಒಂದೂವರೆ ಬೆರಳು.
ಕೆಳತುಟಿಗೆ ಇನ್ನೂ ಜೋಮು;
ಜೊಲ್ಲು ಇಳಿದರೆ ಅವಳಿಗೆ ತಿಳಿಯುತ್ತದೆ, ಅವನಿಗಿಲ್ಲ.
ಅವಳು ಒರೆಸಿದರೆ ಗೋಡೆಗೆ ತಿರುಗುತ್ತಾನೆ.
ಅದು ಮರಳಬಹುದು. ಮರಳದೆಯೂ ಇರಬಹುದು.
ಹೇಳಿದೆ.

"ಒಂದ್ಸಾರಿ ಕೂಗಿ ನೋಡಿ."
ಬಹಳ ಹೊತ್ತು ಸುಮ್ಮನಿದ್ದ.
"ಉನ್ನೂರಾ... ಹತ್ತು."
ಮೊದಲಕ್ಷರ ತುಟಿಯಲ್ಲೇ ಉಳಿಯಿತು.

ಪಕ್ಕದ ಮಂಚದಿಂದ,
ಕಾಲಿಗೆ ತೂಕ ಕಟ್ಟಿಸಿಕೊಂಡ ವೇಮಗಲ್ಲಿನ ಹುಡುಗ
"ಮುನ್ನೂರಾ ಇಪ್ಪತ್ತು" ಅಂದ.
ಬಾಗಿಲ ಬಳಿಯ ತಾತ, ತೆಲುಗಿನಲ್ಲಿ, ಇನ್ನೂ ಹತ್ತು ಏರಿಸಿದ.

ಕೋದಂಡಪ್ಪನ ಕೈ ಅಭ್ಯಾಸಬಲದಿಂದ ಮೀಸೆಗೆ ಹೋಯಿತು.
ನಾವು ಬೋಳಿಸಿದ್ದು ಚಿಗುರುತ್ತಿತ್ತು,
ಮುಚ್ಚುವಷ್ಟಲ್ಲ.