ಗೋಡೆಯಾಚೆಯ ಸೂಜಿಮೆಣಸು

ಬಂಗಡೆ ಬಂದಿದ್ದ ಥರ್ಮಾಕೋಲ್ ಪೆಟ್ಟಿಗೆ,
ಕಾದ ಮೊಳೆಯಿಂದ ತಳಕ್ಕೆ ಏಳು ತೂತು.
ಗಜನಿ ಮಣ್ಣು ಬೇಡ, ಉಪ್ಪು.
ಗುಡ್ಡದ ಕೆಂಪುಮಣ್ಣು, ಸಿಗಡಿ ಸಿಪ್ಪೆ, ಹಿಡಿ ಬೂದಿ.

ಬೈತಖೋಲದ ಗಾಳಿ ನೆಕ್ಕಿದಾಗೆಲ್ಲ
ಎಲೆ ಮುದುಡಿತು;
ಹಳೇ ಲುಂಗಿ ಹರಿದು ಮರೆ ಕಟ್ಟಿದೆ.
ನಳ ಬಾರದ ದಿನ
ಇದ್ದೊಂದು ಚೊಂಬಿನಲ್ಲಿ ಅದಕ್ಕರ್ಧ, ನನಗರ್ಧ.

ಹೂವೇನೋ ನೆಲ ನೋಡುತ್ತದೆ,
ಕಾಯಿಗೆ ಸೊಕ್ಕು, ನೆಟ್ಟಗೆ ಆಕಾಶಕ್ಕೇ ಗುರಿ.

ಹಣ್ಣಾದದ್ದು ಹನ್ನೊಂದು. ಎಣಿಸಿದ್ದೆ.
ಸಂಜೆಗೆ ನಾಲ್ಕು.
ಗೋಡೆಯಾಚೆಯ ಶಾಲನಬಾಯಿಯ ಮೇಲೇ ಅನುಮಾನ:
ಎರಡು ವರ್ಷದಿಂದ ಮಾತಿಲ್ಲ ನಮಗೆ,
ಒಂದು ಬಲೆಹಗ್ಗದ ಲೆಕ್ಕಕ್ಕೆ.

ಮರುದಿನ ಕಂಡೆ, ಪಿಕಳಾರ.
ಇಡಿಯಿಡೀ ನುಂಗಿತು,
ಹಾ ಎನ್ನಲಿಲ್ಲ, ಕಣ್ಣಲ್ಲಿ ಹನಿಯಿಲ್ಲ,
ಬಾಲದ ಕೆಳಗಷ್ಟೇ ಒಂದು ಚೂರು ಕೆಂಪು.

ಮಳೆಗಾಲ ಕಳೆದಾಗ
ಅವಳ ಬಚ್ಚಲ ಮೋರಿಯ ಪಕ್ಕ
ನನ್ನದೇ ಗಿಡ, ಸೊಂಟದೆತ್ತರ.
ಅವಳು ಬಿತ್ತಿದ್ದಲ್ಲ. ನಾನು ಕೊಟ್ಟದ್ದೂ ಅಲ್ಲ.

ನಿನ್ನೆ ಗೋಡೆಯ ಮೇಲೆ ಬಾಳೆಲೆ ಚೂರು,
ಅದರಲ್ಲೊಂದು ಹಿಡಿ ಮೆಣಸು.
ಆಚೆ ಕೊಡ ತೊಳೆಯುವ ಸದ್ದು, ಬೇಕಂತಲೇ ಜೋರು.

ತಿರ್ಫಳ ಹಾಕಿ ಅರೆದೆ, ಗಸಿ ಕುದಿಸಿದೆ.
ಬಚ್ಚಲ ನೀರು ಕುಡಿದು ಬೆಳೆದದ್ದು,
ನನ್ನದಕ್ಕಿಂತ ಖಾರ!
ಈ ಮಾತನ್ನೀಗ ಯಾರಿಗೆ ಹೇಳಲಿ,
ಅವಳಿಗಲ್ಲದೆ?