ಎಲ್ಲರಷ್ಟೇ

ಈ ಕೌದಿಯಲ್ಲಿ ನೂರಾ ಹನ್ನೊಂದು ತುಂಡು.
ಸಣ್ಣವಳಿದ್ದಾಗ ಜ್ವರ ಬಂದರೆ ಎಣಿಸುತ್ತಿದ್ದೆ:
ಅಜ್ಜನ ಧೋತರ, ಯಾರದೋ ಇಳಕಲ್ಲಿನ ಸೆರಗು,
ಹಿಟ್ಟಿನ ಚೀಲದ ಅರ್ಧ ಅಕ್ಷರ.
ನಡುವೆ ಒಂದು ಕರಿ ತುಂಡು, ಅಂಗೈಯಗಲ.
ಅದನ್ನು ಎಣಿಸಬ್ಯಾಡ ಅನ್ನುತ್ತಿದ್ದಳು ಆಯಿ.
ಹಂಗಾಗಿ ನನ್ನ ಲೆಕ್ಕಕ್ಕೆ ನೂರಾ ಹತ್ತೇ.

ಆ ವರ್ಷದ ಶ್ರಾವಣ.
ರಜಾಕಾರರು ಬರುತ್ತಾರೆಂದು
ಊರಿನ ಬೀಸುಕಲ್ಲುಗಳೆಲ್ಲ ಬಾಯಿ ಮುಚ್ಚಿದ್ದವು.
ಕಲ್ಲು ಗುರ್ ಅಂದರೆ ಜೋಳ ಇದೆಯೆಂದು ತಿಳಿಯುತ್ತದೆ,
ಜೋಳ ಇದ್ದಲ್ಲಿ ಹೆಣ್ಣೂ ಇದ್ದಾಳೆಂದು.
ನೆನೆಸಿದ ಕಾಳು ಹಸಿಹಸಿ ಅಗಿದು
ಹಲ್ಲು ನೋಯುತ್ತಿದ್ದವು ಅನ್ನುತ್ತಿದ್ದಳು.
ಉಳಿದ ನೋವುಗಳ ಹೆಸರು ಹೇಳುತ್ತಿರಲಿಲ್ಲ.

ಅಜ್ಜ ಮೊದಲೇ ಗಡಿಯಾಚೆ ಕ್ಯಾಂಪಿಗೆ ಓಡಿದ್ದ.
ಜೈತೂನಬಿಯ ಹತ್ತಿರ ಇದ್ದದ್ದು ಒಂದೇ ಬುರ್ಖಾ.
ಎಮ್ಮೆ ಕಾಯುವವಳಿಗೆ ಊರಲ್ಲಿ ಯಾತರ ಪರದೆ,
ಆಳಂದದ ದರ್ಗಾಕ್ಕೆ ಹೋಗುವಾಗ ಮಾತ್ರ
ಪೆಟ್ಟಿಗೆಯಿಂದ ತೆಗೆಯುತ್ತಿದ್ದಳು, ಬೇವಿನ ಎಲೆ ಕೊಡವಿ.
"ತಗೋ ನಿಂಬಿ. ಕೈ ಒಳಗಿಟ್ಕೋ,
ಹಚ್ಚಿ ಬೊಟ್ಟು ಕಾಣತಾವ."
ಅವಳ ಗಂಡ ಲಾಲಸಾಬನೇ ಬಂಡಿ ಹೊಡೆದ,
ಹತ್ತಿ ಹಿಂಜುವ ಬಿಲ್ಲು ಮೇಲೆ ಕಾಣುವಂತೆ ಇಟ್ಟು.
ನಾಕೆಯಲ್ಲಿ ಕೇಳಿದವರಿಗೆ "ನನ್ನ ತಂಗಿ" ಅಂದ.
ಅಮರ್ಜಾ ದಾಟಿ, ಒಂದು ರಾತ್ರಿ ತೊಗರಿ ಸಾಲಿನಲ್ಲಿ ಕೂತು,
ವಾಗ್ದರಿಯ ಹತ್ತಿರ ಇಳಿಸಿದ.
ಆಚೆ ನಡೆಯದ ಹಾಲಿ ಸಿಕ್ಕಾ ಕೊಡಹೋದರೆ
"ಇಟ್ಕೋ. ತಿರಿಗಿ ಬರತೀಯಲ್ಲ, ಆವಾಗ ಬೇಕಾಗ್ತದ."

ತಿರುಗಿ ಬಂದಳು.
ಪೊಲೀಸ್ ಆಕ್ಷನ್ ಆಗಿ ಹದಿನೈದು ದಿನ, ಮಾರ್ನೋಮಿ ಅಮಾಸಿ.
ಈಗ ಕೊಡಲಿ ಈ ಕಡೆಯವರ ಕೈಯಲ್ಲಿ.
ಲಾಲಸಾಬನನ್ನು ಅವನ ಬಿಲ್ಲಿನ ತಂತಿಯಿಂದಲೇ
ಅಂದು, ಆಯಿ ಅಲ್ಲಿಗೆ ನಿಲ್ಲುತ್ತಿದ್ದಳು,
ಸಂಚಿಯಲ್ಲಿ ಇಲ್ಲದ ಅಡಕೆ ಹೋಳು ಹುಡುಕುತ್ತ.

ಆ ರಾತ್ರಿ ಕದ ಬಡಿದ ಸದ್ದು. ಜೋರಾಗಿ ಅಲ್ಲ,
ಬೆರಳ ಗೆಣ್ಣಿನಿಂದ, ಬೆಂಕಿ ಕೇಳಲು ಬಂದವಳ ಹಾಗೆ.
"ನಿಂಬೀ. ನಾನು."

ನಲವತ್ತು ವರ್ಷ ಆಯಿ ಹೇಳಿದ್ದು ಹೀಗೆ:
ನಿಮ್ಮಜ್ಜ ಅಗಳಿ ಹಿಡಿದು ನಿಂತಿದ್ದ, ತೆಗೀಬ್ಯಾಡ ಅಂದ.
ಅಜ್ಜ ತೀರಿಕೊಂಡ ವಾರಕ್ಕೆ
ತಲೆ ಬಾಚುತ್ತಿದ್ದ ನನಗೆ, ಗೋಡೆ ನೋಡುತ್ತ ಹೇಳಿದಳು:
"ಅಂವ ಮಲಗಿದ್ದ. ಗೊರಕಿ ಹೊಡೀತಿದ್ದ.
ಅಗಳಿ ಮ್ಯಾಲೆ ಇದ್ದದ್ದು ನನ್ನ ಕೈ."

ಜೈತೂನಬಿ ಸಾಯಲಿಲ್ಲ. ಬಾವಿಗೆ ಬಿದ್ದದ್ದು ಅವಳ ನಾದಿನಿ.
ಕಣಿಕೆಯ ಬಣಿವೆಯೊಳಗೆ ಅಡಗಿದ್ದಳು ಅನ್ನುತ್ತಾರೆ,
ಆಕೆ ಎಂದೂ ಅನ್ನಲಿಲ್ಲ.
ದೀಪಾವಳಿಯ ಹೊತ್ತಿಗೆ ಬಾಗಿಲಲ್ಲಿ ಕೂತು ಸೂಜಿ ಪೋಣಿಸುತ್ತಿದ್ದಳು.
ಊರಿನ ಹರಕೆಲ್ಲ ಅಲ್ಲಿಗೆ ಬಂತು,
ಆ ಅಮಾಸಿ ರಾತ್ರಿ ಹೊರಗಿದ್ದವರ ಧೋತರವೂ.
ಅದನ್ನೂ ಹೊಲಿದಳು.

ಆಯಿ ಏಳು ವರ್ಷ ಆ ಓಣಿ ತುಳಿಯಲಿಲ್ಲ.
ನನ್ನ ಅವ್ವ ಹುಟ್ಟಿದಾಗ ಹರಕಿನ ಗಂಟು ಒಯ್ದಳು,
ಎಲ್ಲಕ್ಕೂ ಅಡಿಯಲ್ಲಿ ಬುರ್ಖಾ, ಮಡಿಕೆ ಮುರಿಯದ್ದು.
ಜೈತೂನಬಿ ಒಂದೊಂದೇ ತೆಗೆದಿಟ್ಟಳು.
ಕರಿ ಬಟ್ಟೆ ಬಂದಾಗ ಮೂಗಿಗೆ ಹಿಡಿದಳು.
ಅಂಗೈಯಗಲ ಕತ್ತರಿಸಿಕೊಂಡು
ಉಳಿದದ್ದನ್ನು ತೊಡೆಯ ಕೆಳಗೆ ಸೇರಿಸಿದಳು.
"ಕೂಸಿಗಿ ಎಷ್ಟು ಉದ್ದ ಬೇಕು?"
"ಉದ್ದಾನೇ ಹೊಲಿ. ಬೆಳೀತದ."

ಕೊನೆಯ ಮೂಲೆ ಮುಚ್ಚುವ ಮುಂಚೆ,
ಕೌದಿಯ ಹೊಟ್ಟೆ ಹಸಿದಿರಬಾರದೆಂದು
ರೊಟ್ಟಿಯ ಚೂರು ಕೇಳಿದಳು.
ಆಯಿ ಹೊಸ್ತಿಲ ಹೊರಗೆ ನಿಂತೇ ಕೊಟ್ಟಳು.
ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ.
ಕೂಲಿ ಎಷ್ಟವ್ವಾ ಅಂದರೆ
ಹಲ್ಲಿನಿಂದ ದಾರ ಕಡಿದು
"ಎಲ್ಲರಷ್ಟೇ" ಅಂದಳು.

ಬೇರೆ ತುಂಡುಗಳ ಮೇಲೆ ಬೆರಳಗಲಕ್ಕೊಂದು ಹೊಲಿಗೆ ಸಾಲು.
ಕರಿಯದರ ಮೇಲೆ ಬಿಳಿ ದಾರ ಎಷ್ಟು ಒತ್ತೊತ್ತೆಂದರೆ
ದೀಪ ಆರಿಸಿದ ಮೇಲೂ ಕೈಗೆ ಸಿಗುತ್ತದೆ.
ತಡವುತ್ತ ತಡವುತ್ತ ಅಲ್ಲಿಗೆ ಬಂದಾಗ
ನನ್ನ ಬೆರಳು ತಾನಾಗೇ
ಗೆಣ್ಣು ಮಡಚುತ್ತದೆ.