ಎಂಟನೇ ತೊಟ್ಟಿ

ಸಂಜೆ ನಾಲ್ಕೂವರೆಗೆ ನಾನು ಎತ್ತಬೇಕು
ಏಳನೇ ತೊಟ್ಟಿಯ ನಡುವಿನ ಕಪ್ಪು ಹಲಗೆ.
ಎರಡು ಗಂಡು ಜಿಲೇಬಿ ಮೀನು, ಸೂಳೆಕೆರೆಯವು,
ಬಲೆಗೆ ಬಿದ್ದ ದಿನ ಒಂದೇ ಬುಟ್ಟಿಯಲ್ಲಿ
ಮೈಗೆ ಮೈ ಒತ್ತಿಕೊಂಡು ತೋಳಹುಣಸೆಗೆ ಬಂದವು.
ಈಗ ಇಪ್ಪತ್ತು ನಿಮಿಷ.
ಫರ್ಹತ್ ಮೇಡಂ ಕೈಯಲ್ಲಿ ಎಣಿಸುವ ಗುಂಡಿ:
ಕಚ್ಚಿದರೆ ಟಕ್, ಬಾಲ ಬಡಿದರೆ ಟಕ್,
ಬಾಯಿಗೆ ಬಾಯಿ ಹಾಕಿ ಎಳೆದಾಡತೊಡಗಿದರೆ
ಒಂದು ಉಸಿರು ಮರೆಯುತ್ತಾರೆ.

ಗೆದ್ದವನು ಕಪ್ಪಾಗುತ್ತಾನೆ. ಗದ್ದ ಬೆಳ್ಳಗೆ,
ರೆಕ್ಕೆಯಂಚಿಗೆ ಕುಂಕುಮ. ಬಾಯಲ್ಲಿ ಮರಳು ಅಗೆದು
ಗುಂಡಿ ತೋಡುತ್ತಾನೆ, ಹೆಣ್ಣೇ ಇಲ್ಲದ ತೊಟ್ಟಿಯಲ್ಲಿ.
ಉಚ್ಚೆಯನ್ನೂ ಹೊಯ್ಯುತ್ತಾನಂತೆ ಎದುರಾಳಿಯ ಮೂತಿಗೆ,
ಬಿಟ್ಟು ಬಿಟ್ಟು, ಲೆಕ್ಕವಿಟ್ಟು.
ನಾನು ನಕ್ಕೆ. ನಮ್ಮ ಮಿಲ್ಲಿನ ಕಾಂಪೌಂಡು ನೋಡ್ಬೇಕಿತ್ತು ಮೇಡಂ,
ಮಾಡಬೇಡಿ ಅಂತ ಬರೆದಲ್ಲೇ.
ಅವರು ನಗಲಿಲ್ಲ. ಬರೆದುಕೊಂಡರು.

ಸೋತವನು ಬೂದಿ ಬಣ್ಣ,
ಏರೇಟರಿನ ಗುಳ್ಳೆಗಳ ಹಿಂದೆ.
(ಪೇಟೆಯಲ್ಲಿ ಕಪ್ಪಿಗೂ ಬೂದಿಗೂ ಒಂದೇ ರೇಟು,
ನನ್ನ ಹೆಂಡತಿ ಹುಣಸೆರಸ ಹಾಕುತ್ತಾಳೆ ಎರಡಕ್ಕೂ.)

ಆಮೇಲೆ ಒಂದೊಂದನ್ನೇ ಬೀಕರಿನಲ್ಲಿ
ಒಂದು ತಾಸು ಬಿಡುವುದು. ಮೀನು ತೆಗೆದು ನೀರು ಉಳಿಸಿಕೊಳ್ಳುವುದು.
ಆ ನೀರಿನಲ್ಲಿರುತ್ತದೆ ಕಾಕಾ, ಎಂದರು,
ಕಿವಿರಿನಿಂದ ಸೋರಿದ ಗಂಡುತನ,
ನ್ಯಾನೋಗ್ರಾಂ ಲೆಕ್ಕದಲ್ಲಿ.
ಬೆಳಕಿಗೆ ಹಿಡಿದು ನೋಡಿದೆ. ನೀರು, ಅಷ್ಟೇ.
ಮಿಕ್ಕಿದ್ದನ್ನು ಹಿಂದಿನ ಕರಿಬೇವಿಗೆ ಸುರಿದೆ;
ಕರಿಬೇವು ಯಾರ ಮೇಲೂ ಏರಿ ಹೋಗಲಿಲ್ಲ.

ನಾನು ತಿಳಿದದ್ದು: ಮೊದಲು ಮೈಯಲ್ಲಿ ಅದು ಏರುತ್ತದೆ,
ಆಮೇಲೆ ಜಗಳ.
ಹಿಂದುಮುಂದೂ ಇದೆ, ಎಂದರು, ಜಗಳವೂ ಅದನ್ನು ಏರಿಸುತ್ತದೆ.
ಕನ್ನಡಿ ಇಟ್ಟ ದಿನ ಒಂದು ಮೀನು
ತನ್ನನ್ನೇ ನೂರಾ ಹನ್ನೆರಡು ಸಲ ಕಚ್ಚಿತು;
ನೀರಿನಲ್ಲಿ ಏನೂ ಏರಿರಲಿಲ್ಲ.
ಗೆಲ್ಲಲಿಲ್ಲ, ಸೋಲಲಿಲ್ಲ,
ರಕ್ತಕ್ಕೆ ಸುದ್ದಿಯೇ ಮುಟ್ಟಲಿಲ್ಲ.

ಆದರೆ ಎಂಟನೇ ತೊಟ್ಟಿ.
ಅದರಲ್ಲಿ ಒಂದೇ ಮೀನು. ಎದುರಾಳಿಯಿಲ್ಲ, ಕನ್ನಡಿಯಿಲ್ಲ,
ಗಾಜಿನಾಚೆ ಏಳರಲ್ಲಿ ನಡೆಯುವುದನ್ನು
ರೆಕ್ಕೆ ಆಡಿಸುತ್ತ ನೋಡುತ್ತಿತ್ತು.
ಅದರ ನೀರಿನಲ್ಲೂ ಏರಿತ್ತು.
ಮೇಡಂ ಎರಡು ಸಲ ಪರೀಕ್ಷೆ ಮಾಡಿದರು.

ಎಪ್ಪತ್ತೊಂಬತ್ತೋ ಎಂಬತ್ತೋ. ಅಪ್ಪನ ಬುತ್ತಿ ಒಯ್ದಿದ್ದೆ.
ಮಿಲ್ಲಿನ ಗೇಟಿನ ಮುಂದೆ ಓಬಣ್ಣನಿಗೂ ತಿಪ್ಪೇಶಿಗೂ
ಹತ್ತಿಕೊಂಡಿತ್ತು, ಎಂಥದೋ ಪಾಳಿ ಬದಲಾಯಿಸಿದ ಮಾತಿಗೆ.
ಯಾರದೋ ಸೈಕಲ್ಲಿನ ಕ್ಯಾರಿಯರ್ ಹತ್ತಿ ನಿಂತೆ.
ತಿಪ್ಪೇಶಿಯ ಹಲ್ಲು ಉದುರಿದಾಗ
ನನ್ನ ಬಾಯಲ್ಲಿ ಕಬ್ಬಿಣದ ರುಚಿ.
ಯಾರ ಪರವೂ ಇರಲಿಲ್ಲ ನಾನು.
ಮನೆಗೆ ಬಂದು ತಮ್ಮನ ಕೆನ್ನೆಗೆ ಹೊಡೆದೆ,
ತಂಬಿಗೆ ಅದರ ಜಾಗದಲ್ಲಿ ಇಟ್ಟಿಲ್ಲವೆಂದು.
ಅವನಿಗೆ ಆರು ವರ್ಷ. ಅಳಲೂ ಇಲ್ಲ,
ತಂಬಿಗೆ ತಂದು ಜಾಗದಲ್ಲಿ ಇಟ್ಟ.
ಇಷ್ಟು ವರ್ಷ ತಂಬಿಗೆಯೇ ಕಾರಣ ಅಂದುಕೊಂಡಿದ್ದೆ.

ನಿನ್ನೆ ಮೇಡಂ ಟೀಗೆ ಹೋದಾಗ
ಎಂಟರ ಪಕ್ಕಕ್ಕೆ ಹಳೇ ಪೇಪರು ಅಂಟಿಸಿದೆ.
ಬೈದರು. ಡಾಟಾ ಹಾಳಾಯಿತು ಎಂದರು.
ಯಾಕೆ ಮುಚ್ಚಿದಿರಿ ಕಾಕಾ?
ಹೇಳಲು ಹೋದೆ. ತಂಬಿಗೆ ಎಂದೆ, ಅಷ್ಟೇ ಬಂತು.
ಅವರ ಪುಸ್ತಕದಲ್ಲಿ ಆ ದಿನದ ಎಂಟನೇ ಕಾಲಂ
ಒಂದು ಅಡ್ಡಗೆರೆ.

ರಾತ್ರಿ ಮಂಡಕ್ಕಿ ಭಟ್ಟಿ ದಾಟುವಾಗ
ಹೊಗೆಯಲ್ಲಿ ಇಬ್ಬರು, ಕಾಲರಿಗೆ ಕೈ,
ಸುತ್ತ ಇಪ್ಪತ್ತು ಜನ, ಎತ್ತಿ ಹಿಡಿದ ಫೋನುಗಳು.
ಒಂದು ಕಾಲು ನೆಲಕ್ಕೆ ಊರಿದೆ.
ಇನ್ನೊಂದು ಪೆಡಲಿನ ಮೇಲೇ ಇತ್ತು.